ಕೆರೆಗಿಳಿದ ಮರಿಯ ದಾವೆ

ಹೇಂಟೆಯೊಂದು ಬಾತುಕೋಳಿಯ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿತು. ಮರಿ ಒಂದು ದಿನ ಕೆರೆಗಿಳಿದದ್ದು ಹಿಂದಿರುಗಲಿಲ್ಲ. ಹೇಂಟೆ ಅಂಗಳದ ನ್ಯಾಯಾಧೀಶನಾದ ಹುಂಜನ ಮುಂದೆ ಅತ್ತಿತು.

"ನೀರಿನ ವ್ಯಾಜ್ಯ ನನಗೆ ಸೇರದು, ತಾಯಿ. ಕೆರೆಯ ನ್ಯಾಯ ಕೊಕ್ಕರೆಯದು," ಎಂದಿತು ಹುಂಜ.

ಹೇಂಟೆ ಕೆರೆಯ ದಡಕ್ಕೆ ಹೋದಾಗ ಕೊಕ್ಕರೆ ಒಂಟಿಕಾಲಲ್ಲೇ ನಿಂತು ಹೇಳಿತು: "ಮೊಟ್ಟೆ ಒಡೆದದ್ದು ನೆಲದ ಮೇಲೆ. ಹುಂಜನೇ ವಿಚಾರಿಸಲಿ."

"ಸ್ವಾಮಿ, ನನ್ನ ಕೂಗು ದಡ ದಾಟಿ ಕೇಳುತ್ತದೆ. ನಿಮ್ಮ ನ್ಯಾಯಕ್ಕೆ ಮಾತ್ರ ದಡದಲ್ಲೇ ಕಾಲು ಸೋಲುತ್ತದೆಯೇ?" ಎಂದಿತು ಹೇಂಟೆ.

ಇಬ್ಬರಿಗೂ ಮೇಲಿನ ಹದ್ದಿನ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಮಳೆಗಾಲ ಕಳೆದ ಮೇಲೆ ಹದ್ದು ತೀರ್ಪು ಕೊಟ್ಟಿತು: "ಇದು ಹುಂಜನ ಅಧಿಕಾರಕ್ಕೆ ಸೇರಿದ್ದು. ಅಲ್ಲಿಂದಲೇ ಶುರುವಾಗಲಿ."

ಅಂದು ಸಂಜೆ ಮರಿ ತಾನಾಗಿಯೇ ದಡಕ್ಕೆ ಬಂತು. ಹೇಂಟೆ ರೆಕ್ಕೆ ಎತ್ತಿತು. ಒಳಗೆ ಹಿಡಿಸಿದ್ದು ಮರಿಯ ತಲೆ ಮಾತ್ರ. ಅಷ್ಟನ್ನೇ ಅದು ರೆಕ್ಕೆಯಲ್ಲಿ ಮುಚ್ಚಿಕೊಂಡಿತು.