ಮಾದೇವಮ್ಮನ ಡಿಶ್ ಕಂಬ

ಕೇಬಲ್ ಮಾಲೀಕ ಕೆಂಪರಾಜು ಇಸ್ತ್ರಿ ಗಾಡಿಯ ಮಾದೇವಮ್ಮನ ಮನೆ ಮುಂದೆ ಅಬ್ಬರಿಸಿದ. "ಈ ಬೀದೀಲಿ ನನ್ನ ಕೇಬಲ್ಲೇ ಓಡಬೇಕು. ಡಿಶ್ ಕಿತ್ತುಹಾಕು. ಇಲ್ದಿದ್ರೆ ನಾಳೆಯಿಂದ ನಿನ್ನ ಗಾಡಿ ಇಲ್ಲಿರಲ್ಲ. ಕಾರ್ಪೊರೇಟರ್ ನಮ್ಮ ಭಾವ."

ಮಾದೇವಮ್ಮನ ಮೈ ಉರಿಯಿತು. "ಈಗಲೇ ಕೀಳ್ತೀನಣ್ಣ" ಎಂದು ತಾರಸಿ ಹತ್ತಿ, ಡಿಶ್ ನಿಂತಿದ್ದ ಕಂಬವನ್ನೇ ಬುಡದಿಂದ ಅಲ್ಲಾಡಿಸಿದಳು. ಇಡೀ ಬೀದಿಯ ಕೇಬಲ್ ವೈರುಗಳನ್ನು ಕೆಂಪರಾಜು ಅವಳನ್ನು ಕೇಳದೆ ಕಟ್ಟಿದ್ದು ಅದೇ ಕಂಬಕ್ಕೆ. ಟಿವಿಗಳು ನಿಂತವು. ಮನೆಮನೆಯಿಂದ ಅವನಿಗೆ ಬೈಗುಳ ಶುರುವಾಯಿತು.

"ಅಯ್ಯೋ, ಕಂಬ ಬಿಡು!"

"ನನ್ನ ಕಂಬ. ಡಿಶ್ಶೇ ಬೇಡ ಅಂದ್ಮೇಲೆ ಇದ್ಯಾಕೆ? ನಿನ್ನ ವೈರು ನಿನ್ನ ಭಾವನ ಕೊರಳಿಗೆ ಕಟ್ಕೋ."

ಅವನು ಮೇಲೆ ಓಡಿಬಂದು ಕಂಬ ತಬ್ಬಿಕೊಂಡ. "ಡಿಶ್ ಇರಲಿ ಅಕ್ಕ. ಗಾಡೀನೂ ಇರಲಿ."

"ಹಾಗಾದ್ರೆ ಅಲ್ಲಾಡದಂಗೆ ಹಿಡ್ಕೊಂಡಿರು" ಎಂದು ಮಾದೇವಮ್ಮ ಕೆಳಗಿಳಿದಳು. "ನನ್ನ ಧಾರಾವಾಹಿ ಶುರುವಾಗೋ ಹೊತ್ತು."