ಎರೆಹುಳುವಿನ ಹಕ್ಕುಪತ್ರ

ಉತ್ತವರಿಗೇ ಹೊಲ ಎಂಬ ಕಾನೂನು ಬಂದಿದೆಯೆಂದು ಕೇಳಿ, ಹುಟ್ಟಿದಂದಿನಿಂದ ಮಣ್ಣು ಉಳುತ್ತಿದ್ದ ಎರೆಹುಳು ಹಿಗ್ಗಿ, ಬದುವಿನ ಬಳಿ ತಲೆ ಹೊರಗಿಟ್ಟಿತು. ಅಲ್ಲಿ ಭೂಮಿ ಹಂಚುವ ಅಧಿಕಾರಿಯಾಗಿ ಬೆಳ್ಳಕ್ಕಿ ನಿಂತಿತ್ತು.

“ಸ್ವಾಮಿ, ಈ ಹೊಲ ಉತ್ತವನು ನಾನು. ಹಕ್ಕುಪತ್ರ ಕೊಡಿಸಬೇಕು.”

“ಸಂತೋಷ. ಪತ್ರ ಸಿದ್ಧವಾಗಿದೆ. ಪೂರ್ತಿ ಹೊರಗೆ ಬಾ, ಗುರುತು ನೋಡಬೇಕು.”

ಬೆಳ್ಳಕ್ಕಿಯ ಕಾಲ ಬಳಿ ಹಕ್ಕುಪತ್ರಗಳ ರಾಶಿಯೇ ಇತ್ತು. ಎಲ್ಲದರ ಮೇಲೂ ತನ್ನ ಬಳಗದವರ ಹೆಸರು ಕಂಡು ಎರೆಹುಳು ಕೇಳಿತು: “ಇವರೇಕೆ ಪತ್ರ ಒಯ್ದಿಲ್ಲ, ಸ್ವಾಮಿ?”

“ಗುರುತು ತೋರಿಸಲು ಎಲ್ಲರೂ ಬಂದಿದ್ದರು,” ಎಂದು ಬೆಳ್ಳಕ್ಕಿ ಕೊಕ್ಕು ಒರೆಸಿಕೊಂಡಿತು. “ಆಮೇಲೆ ಒಬ್ಬರೂ ಪತ್ರ ಕೇಳಲಿಲ್ಲ.”

ಎರೆಹುಳು ಸರಕ್ಕನೆ ಮಣ್ಣಿಗಿಳಿದು ಮತ್ತೆ ಉಳತೊಡಗಿತು. ತೆನೆ ತೂಗುವ ಹೊಲದ ನಡುವೆ ನಿಂತು ಬೆಳ್ಳಕ್ಕಿ ವರದಿ ಬರೆಯಿತು: “ಅರ್ಜಿದಾರ ಗೈರುಹಾಜರು. ಇಲ್ಲಿ ಉಳುವವರೇ ಇಲ್ಲ. ಹೊಲವನ್ನು ನನ್ನ ಹೆಸರಿಗೆ ಮಾಡಲು ಅಡ್ಡಿಯಿಲ್ಲ.”