ಠಾಣೆಯಲ್ಲಿ ಅಜ್ಜನವರ ಭಿಕ್ಷೆ

ಹಳ್ಳದ ದಂಡೆಯ ಮಠದಲ್ಲಿ ಶ್ರೀ ಶಾಂತಮಲ್ಲ ಶಿವಯೋಗಿಗಳು ಇದ್ದ ಕಾಲ. ಊರವರು ಅವರನ್ನು ಅಜ್ಜನವರು ಎನ್ನುತ್ತಿದ್ದರು. ಮಠ ಅಂದರೆ ದೊಡ್ಡದೇನಲ್ಲ. ಮಣ್ಣಿನ ಮಾಳಿಗೆ, ಎರಡು ಕೋಣೆ, ಮುಂದೆ ಬೇವಿನ ಗಿಡ. ಅಜ್ಜನವರು ಅದರ ನೆರಳಿಗೆ ಕೂತು ಹರಿದ ಕೌದಿ ಹೊಲಿಯುತ್ತಿದ್ದರು. ಬಂದವರ ಕೌದಿಯನ್ನೂ ಹೊಲಿದು ಕೊಡುತ್ತಿದ್ದರು. ಮಾತು ಕಡಿಮೆ. ಆ ನೆರಳಿನ ತಂಪು ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಅಜ್ಜನವರದು ಒಂದು ನೇಮ. ಯಾರಲ್ಲಿಗಾದರೂ ಭಿಕ್ಷೆಗೆ, ಅಂದರೆ ಊಟಕ್ಕೆ, ದಯಮಾಡಿಸಿದರೆ ಆ ಸೂರಿನ ಕೆಳಗಿನವರೆಲ್ಲ ಪಂಕ್ತಿಗೆ ಬರಬೇಕು. ಆಳು, ಬಾಣಂತಿ, ಹಾಸಿಗೆ ಹಿಡಿದ ಮುದುಕ, ಯಾರನ್ನೂ ಬಿಡುವಂತಿಲ್ಲ. ಒಬ್ಬರು ಉಳಿದರೂ ಅಜ್ಜನವರು ತುತ್ತು ಮುಟ್ಟುತ್ತಿರಲಿಲ್ಲ. ಅವರು ಮುಟ್ಟದೆ ಬೇರೆಯವರೂ ಮುಟ್ಟುವಂತಿಲ್ಲ. ಒಮ್ಮೆ ಗೌಡರ ಮನೆಯಲ್ಲಿ ದನ ಕಾಯುವವನನ್ನು ಕೊಟ್ಟಿಗೆಯಲ್ಲೇ ಬಿಟ್ಟಿದ್ದರು. ಹೋಳಿಗೆ ಆರಿತು, ಹೊತ್ತು ಇಳಿಯಿತು. ಕಡೆಗೆ ಗೌಡರೇ ಹೋಗಿ ಅವನ ಕೈ ಹಿಡಿದು ಕರೆತಂದರು. ಆಗ ಅಜ್ಜನವರು ಉಂಡರು.

ಆ ವರ್ಷ ನಮ್ಮೂರ ಠಾಣೆಗೆ ಪಂಚಾಕ್ಷರಿ ಅಂತ ಹೊಸ ಇನ್ಸ್‌ಪೆಕ್ಟರು ಬಂದಿದ್ದರು. ಮೈಸೂರು ಕಡೆಯವರು. ಜೊತೆಗೆ ವಯಸ್ಸಾದ ತಾಯಿ. ಆಗಲೇ ಪೊಲೀಸರು ನಮ್ಮೂರ ಶಾಲೆಯ ಹುಸೇನಪ್ಪ ಮಾಸ್ತರರನ್ನು ಹಿಡಿದದ್ದು. ಮಾಸ್ತರರು ಕಲ್ಲಿನ ಕ್ವಾರಿಯಲ್ಲಿ ಜೀತಕ್ಕೆ ಬಿದ್ದವರನ್ನು ಬಿಡಿಸಲು ಓಡಾಡುತ್ತಿದ್ದರು. ಅರ್ಜಿ ಬರೆದು ಮೇಲಿನವರ ತನಕ ಮುಟ್ಟಿಸಿದ್ದರು. ಕ್ವಾರಿಯವರಿಗೆ ಉರಿಯಿತು. ಅವರ ಮಾತು ಕೇಳಿ ಪೊಲೀಸರು ಸಂತೆಯಲ್ಲಿ ನಿಂತಿದ್ದ ಮಾಸ್ತರರನ್ನು ಜೀಪಿಗೆ ಹಾಕಿಕೊಂಡು ಹೋದರು. ಮಾಸ್ತರರ ಹೆಂಡತಿ ಠಾಣೆಗೆ ಕೇಳಲು ಹೋದರೆ, “ಇಲ್ಲಿಗೆ ಯಾರನ್ನೂ ತಂದಿಲ್ಲ, ನಡೀ” ಅಂದರು. ಕೋರ್ಟಿಗೂ ಒಯ್ಯಲಿಲ್ಲ.

ಠಾಣೆಯ ಎದುರಿಗೆ ನಮ್ಮದು ಖಾನಾವಳಿ. ಲಾಕಪ್ಪಿನವರಿಗೆ ಊಟ ಒಯ್ಯುವುದು ನನ್ನ ಹೆಂಡತಿ ಗೌರವ್ವ. ಹಿಂದಿನ ಕೋಣೆಯಲ್ಲಿ ನರಳುವ ದನಿ ಅವಳಿಗೆ ಕೇಳಿತು. ಮಾಸ್ತರರ ದನಿ. ಬಂದವಳೇ ಅಡುಗೆಮನೆಯಲ್ಲಿ ಕುಸಿದು ಕೂತಳು. “ಇನ್ನ ಎರಡು ದಿನಾ ಹಿಂಗ ಹೊಡದ್ರ ಹೆಣಾನ ಹೊರಗ ಬರ್ತದ” ಅಂದಳು.

ಅದೇ ವಾರ ಇನ್ಸ್‌ಪೆಕ್ಟರು ಅಜ್ಜನವರನ್ನು ಠಾಣೆಗೆ ಭಿಕ್ಷೆಗೆ ಕರೆದಿದ್ದರು. ತಾಯಿಯ ಆಸೆ. ಅಜ್ಜನವರ ನೇಮ ಅವರಿಗೆ ಗೊತ್ತಿರಲಿಲ್ಲ. ಪೇದೆಗಳಿಗೆ ಗೊತ್ತಿತ್ತು. ಯಾರೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಶಿವನೇ ಬಲ್ಲ.

ಗೌರವ್ವ ಮಠಕ್ಕೆ ನಡೆದಳು. ನಾನೂ ಹಿಂದೆ ಹೋದೆ. ಅವಳಿಗೆ ಕಾವಿ ಕಂಡರೆ ಅಷ್ಟು ನಂಬಿಕೆ ಇರಲಿಲ್ಲ.

“ಅಜ್ಜಾರ, ನೀವು ಪಾದಪೂಜಿ ಮಾಡಿಸ್ಕೊಂಡು, ಮಾಲಿ ಹಾಕ್ಕೊಂಡು ಬರ್ತೀರಿ. ಒಳಗ ಮಾಸ್ತರ ಸಾಯಾಕತ್ತಾರ. ಇಂಥಾದಕ್ಕ ಬರದ ಮಠ ಯಾತಕ್ಕ ಬೇಕ್ರಿ?”

ನಾನು ಅವಳ ಸೆರಗು ಜಗ್ಗಿದೆ. ಅಜ್ಜನವರು ಸೂಜಿ ಇಟ್ಟರು.

“ಅಡಿಗಿ ಯಾರದವ್ವಾ?”

“ನಮ್ಮ ಖಾನಾವಳೀದ್ರೀ.”

“ಒಂದು ಎಲಿ ಹೆಚ್ಚಿಗಿ ಒಯ್ಯಿ.”

ಅಷ್ಟೇ. ಮತ್ತೆ ಸೂಜಿ ಹಿಡಿದರು. ದಾರಿಯುದ್ದಕ್ಕೂ ಗೌರವ್ವ ಗೊಣಗಿದಳು. “ಎಲಿ ಬೇಕಂತ ಎಲಿ! ಉಣ್ಣೂದ ಒಂದು ಗೊತ್ತು.”

ಸೋಮವಾರ ಮಧ್ಯಾಹ್ನ. ಠಾಣೆಯ ಪಡಸಾಲೆಗೆ ನೀರು ಹಾಕಿ ತೊಳೆದಿದ್ದರು. ಕಾಂಪೌಂಡಿನ ತುಂಬ ಜನ. ಪಾದಪೂಜೆ ಮುಗಿಯಿತು. ಇನ್ಸ್‌ಪೆಕ್ಟರು ಖುಷಿಯಲ್ಲಿದ್ದರು.

“ಏನ್ರೀ ಯಂಕೋಬ, ನಿಮ್ಮ ಹೊಟ್ಟೆಗೇ ಎರಡು ಎಲೆ ಜಾಗ ಬೇಕಲ್ರೀ! ಸ್ವಲ್ಪ ಸರಕೊಳ್ಳಿ.”

ಪೇದೆಗಳು ನಕ್ಕರು. ಗೌರವ್ವ ಬಡಿಸಿದಳು. ಅಜ್ಜನವರು ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

“ಎಲ್ಲಾರೂ ಬಂದರೇನು?”

ನೇಮ ಏನೆಂದು ಪೇದೆ ಯಂಕೋಬ ಆಗ ಮೆಲ್ಲಗೆ ಹೇಳಿದ. ಇನ್ಸ್‌ಪೆಕ್ಟರು ನಕ್ಕು, ಪಂಪುಸೆಟ್ಟು ಕದ್ದು ಒಳಗಿದ್ದ ಒಬ್ಬನನ್ನು ಹೊರಗೆ ತರಿಸಿದರು. “ನಿನಗೂ ಹೋಳಿಗೆ ಯೋಗ ಕಣಯ್ಯ” ಅಂದರು. ಅವನು ಹೆದರಿಕೊಂಡೇ ತುದಿಗೆ ಕೂತ.

ಅಜ್ಜನವರು ಕೈ ಎತ್ತಲಿಲ್ಲ. ಗೌರವ್ವನ ಕಡೆ ನೋಡಿದರು. ಅವಳಿಗೆ ಆಗ ತಿಳಿಯಿತು. ಹೆಚ್ಚಿನ ಎಲೆ ತಂದು ಅಜ್ಜನವರ ಮಗ್ಗುಲಿಗೇ ಹಾಸಿದಳು.

“ಇನ್ಯಾರೂ ಇಲ್ಲ ಬುದ್ಧಿ. ಇಷ್ಟೇ ಜನ” ಅಂದರು ಇನ್ಸ್‌ಪೆಕ್ಟರು.

ಅಜ್ಜನವರು ಕಣ್ಣು ಮುಚ್ಚಿದರು. ಸಾರು ಆರಿತು. ತುಪ್ಪ ಹೆಪ್ಪುಗಟ್ಟಿತು. ಹೊರಗಿನ ಜನ ಪಿಸುಪಿಸು ಅನ್ನುವುದೂ ನಿಂತಿತು. ಇನ್ಸ್‌ಪೆಕ್ಟರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಅವರ ತಾಯಿಗೆ ತಡೆಯಲಾಗಲಿಲ್ಲ. “ಪಂಚು, ಬುದ್ಧಿಯೋರು ಹಸಕೊಂಡು ಕೂತವ್ರೆ. ಒಳಗೆ ಯಾರಪ್ಪ ಉಳಿದಿರೋದು?”

“ಯಾರೂ ಇಲ್ಲ ಕಣಮ್ಮ.”

“ಅನ್ನದ ಮುಂದೆ ಕೂತ್ಕೊಂಡು ಹೇಳ್ತಿದೀಯ, ಮಗ.”

ಬೈಗುಳವಲ್ಲ ಅದು. ಮೆಲ್ಲಗೆ ಹೇಳಿದರು. ಇನ್ಸ್‌ಪೆಕ್ಟರು ತಲೆ ತಗ್ಗಿಸಿದರು. ಆಮೇಲೆ ಎದ್ದು, ಬೀಗದ ಕೈ ತಾವೇ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದರು.

ಮಾಸ್ತರರನ್ನು ಇಬ್ಬರು ಹಿಡಿದು ತಂದರು. ಅಂಗಾಲು ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಬೆರಳು ಬಾತು ಮಡಚುತ್ತಿರಲಿಲ್ಲ. ಊರಿಗೆ ಊರೇ ನೋಡಿತು. ಇನ್ಸ್‌ಪೆಕ್ಟರ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅಜ್ಜನವರು ಮಾಸ್ತರರನ್ನು ಮಗ್ಗುಲಿಗೆ ಒರಗಿಸಿಕೊಂಡರು. ಅನ್ನ ಕಲಸಿ ಮೊದಲ ತುತ್ತು ಅವರ ಬಾಯಿಗೆ ಇಟ್ಟರು. ಎರಡನೆಯದು ತಾವು ತೆಗೆದುಕೊಂಡರು. ಹಾಗೇ ಒಂದು ಅವರಿಗೆ, ಒಂದು ತಮಗೆ. ಮಗುವಿಗೆ ಉಣಿಸಿದ ಹಾಗೆ, ಅವಸರವಿಲ್ಲದೆ.

ಕೈ ತೊಳೆದು ಒಂದೇ ಮಾತು ಹೇಳಿದರು. “ನಾಳೆನೂ ಇಲ್ಲೇ ಭಿಕ್ಷಾ.”

“ಬುದ್ಧಿ, ಠಾಣೆಗೆ ದಿನಾ...” ಅಂದರು ಇನ್ಸ್‌ಪೆಕ್ಟರು.

“ಇಂವಾ ಇರೂತನಕ.”

ಹೇಳಿ ಅಲ್ಲೇ ಪಡಸಾಲೆಯಲ್ಲಿ ಕೂತರು. ಮಠಕ್ಕೆ ಬರುವ ಭಕ್ತರು ಠಾಣೆಗೇ ಬಂದರು. ಇನ್ಸ್‌ಪೆಕ್ಟರು ತಡೆಯಲಿಲ್ಲ. ಸಂಜೆ ಡಾಕ್ಟರನ್ನು ಕರೆಸಿದರು. ಆಮೇಲೆ ಮಾಸ್ತರರ ಮೈಮೇಲೆ ಒಂದು ಏಟೂ ಬೀಳಲಿಲ್ಲ. ಬೆಳಗಾದ ಮೇಲೆ ಕೋರ್ಟಿಗೆ ಕರೆದುಕೊಂಡು ಹೊರಟರು. ಅಜ್ಜನವರು ಎದ್ದು ಮಠಕ್ಕೆ ನಡೆದರು.

ಕೋರ್ಟಿನ ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದೆವು. “ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?” ಎಂದು ನ್ಯಾಯಾಧೀಶರು ಮಾಸ್ತರರನ್ನು ಕೇಳಿದರು. ಮಾಸ್ತರರು ಬಾಯಿ ತೆರೆಯುವ ಮೊದಲೇ ಇನ್ಸ್‌ಪೆಕ್ಟರು ಟೋಪಿ ತೆಗೆದರು.

“ಹೊಡೆಸಿದ್ದು ನಾನೇ, ಸ್ವಾಮಿ. ಇಲ್ಲ ಅಂತ ಸುಳ್ಳು ಹೇಳಿದ್ದೂ ನಾನೇ.”

ಮಾಸ್ತರರಿಗೆ ಜಾಮೀನು ಸಿಕ್ಕಿತು. ಕೆಲವೇ ದಿನಕ್ಕೆ ಇನ್ಸ್‌ಪೆಕ್ಟರನ್ನು ಅಮಾನತು ಮಾಡಿದರು. ಗೌರವ್ವ ಮಠಕ್ಕೆ ಓಡಿದಳು. ಏದುಸಿರು ಬಿಡುತ್ತ ಹೇಳಿದಳು. “ಅಜ್ಜಾರ, ಆ ಸಾಹೇಬನ ಕೆಲಸಾ ಹೋತು. ಕ್ವಾರ್ಟರ್ಸಿನ ಬಾಗಲಾ ಹಾಕ್ಕೊಂಡು ಕುಂತಾನಂತ.”

ಅಜ್ಜನವರು ಅವಳ ಮುಖ ನೋಡಿದರು.

“ಅಂವಾ ಉಂಡಾನೇನವ್ವಾ?”

ನಾನು ಹೊರಗೆ ಗಿಡದ ಕೆಳಗಿದ್ದೆ. ಬರುವಾಗ ಅವಳು ಗೊಣಗಲಿಲ್ಲ. ಅಳುತ್ತಿದ್ದಳು.

ಈಗ ಗೌರವ್ವ ಇಲ್ಲ. ಈ ಪ್ರಸಂಗ ಹೇಳುತ್ತಿದ್ದವಳು ಅವಳು. ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿದ್ದೆ. ಕಡೆಯ ಭಾಗ ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಅದನ್ನು ನಾನು ನೋಡಿದ್ದೇನೆ. ಅವತ್ತು ಅವಳು ಬಿಸಿ ರೊಟ್ಟಿ ಸುಟ್ಟು ಬುಟ್ಟಿಯಲ್ಲಿ ಕಟ್ಟಿಕೊಂಡು ಕ್ವಾರ್ಟರ್ಸಿಗೆ ಹೋದಳು. ಬಾಗಿಲು ಬಡಿದಳು. ಮತ್ತೆ ಬಡಿದಳು.

“ಬಾಗಲಾ ತಗೀಯಪ್ಪಾ. ನೀ ಉಂಡ ಮ್ಯಾಲ ನಾ ಉಣಬೇಕು.”